ದೂರದ ಹಾರಾಟದಿಂದ ಹತ್ತಿರದ ಹಾರಾಟಕ್ಕೆ: ಪೈಲಟ್‌ಗಳ ನಿರ್ಧಾರದಲ್ಲಿ ಉದ್ದಿಮೆದಾರರಿಗೊಂದು ಪಾಠ

ವಾಣಿಜ್ಯ ಮಾಸಿಕವೊಂದರಲ್ಲಿ ವಿಮಾನ ಪೈಲಟ್‌ಗಳ ಜೀವನಕ್ರಮದ ವಿಚಾರವೇಕೆ ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ. ಖಂಡಾಂತರ ಹಾರಾಟ ನಡೆಸುವ ಬೃಹತ್ ವಿಮಾನದ ಹುದ್ದೆ, ಅದರ ಸಂಬಳ, ಅದರ ಗೌರವ, ಇವೆಲ್ಲವನ್ನೂ ಬಿಟ್ಟು ಸಣ್ಣ ವಿಮಾನದಲ್ಲಿ ಒಂದೊಂದು ಗಂಟೆಯ ಹಾರಾಟ ನಡೆಸುವ ಕೆಲಸಕ್ಕೋ, ತರಬೇತಿ ನೀಡುವ ಕೆಲಸಕ್ಕೋ ಬರುವ ಪೈಲಟ್‌ಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಹೊರಗಿನಿಂದ ನೋಡುವವರಿಗೆ ಇದು ನಷ್ಟದ ವ್ಯಾಪಾರವೆಂದು ತೋರುತ್ತದೆ. ಆದರೆ ಅವರು ಹಾಕುವ ಲೆಕ್ಕವನ್ನು ಬಿಡಿಸಿ ನೋಡಿದಾಗ, ನಮ್ಮ ಗೋಕುಲ ರಸ್ತೆಯ ಕಾರ್ಖಾನೆಯಿಂದ ನುರಿತ ಕೆಲಸಗಾರನೊಬ್ಬ ಏಕೆ ಬಿಟ್ಟುಹೋಗುತ್ತಾನೆ ಎಂಬ ಪ್ರಶ್ನೆಗೂ ಅದರಲ್ಲಿಯೇ ಉತ್ತರ ದೊರೆಯುತ್ತದೆ. ಈ ಉದ್ದೇಶದಿಂದ ಪ್ರಸ್ತುತ ಲೇಖನದಲ್ಲಿ ಆ ವೃತ್ತಿಯ ಲೆಕ್ಕವನ್ನು ಮೊದಲು ಪರಿಶೀಲಿಸಿ, ನಂತರ ನಮ್ಮ ಉದ್ದಿಮೆಗಳಿಗೆ ಅದನ್ನು ಅನ್ವಯಿಸಲಾಗಿದೆ.

ಹುಬ್ಬಳ್ಳಿಯ ಆಕಾಶದಲ್ಲಿ

ಹತ್ತಿರದ ಹಾರಾಟವೆಂದರೇನು ಎಂಬುದನ್ನು ಹುಬ್ಬಳ್ಳಿಯವರಿಗೆ ವಿವರಿಸಬೇಕಾಗಿಲ್ಲ. ದೇಶದ ಅಗ್ಗದ ದರದ ವಿಮಾನಯಾನದ ಆರಂಭವೇ ನಮ್ಮ ಊರಿನೊಂದಿಗೆ ಬೆಸೆದುಕೊಂಡಿದೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಸೇನೆಯನ್ನು ಬಿಟ್ಟು ಕೃಷಿಗಿಳಿದು, 1997ರಲ್ಲಿ ಹೆಲಿಕಾಪ್ಟರ್ ಸೇವೆಯನ್ನು ಆರಂಭಿಸಿ, 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್‌ನ ಮೊದಲ ಹಾರಾಟವನ್ನು ಬೆಂಗಳೂರು–ಹುಬ್ಬಳ್ಳಿ ನಡುವೆ ನಡೆಸಿದರು. 2017ರ ಡಿಸೆಂಬರ್‌ನಲ್ಲಿ ಇಲ್ಲಿಯ ಹೊಸ ಟರ್ಮಿನಲ್ ಉದ್ಘಾಟನೆಗೊಂಡಿತು. 2019ರ ಜನವರಿ 25ರಂದು ಸ್ಟಾರ್ ಏರ್ ಸಂಸ್ಥೆಯು 50 ಆಸನಗಳ ಎಂಬ್ರೇಯರ್ ವಿಮಾನದೊಂದಿಗೆ ತನ್ನ ಸೇವೆಯನ್ನು ಆರಂಭಿಸಿದಾಗಲೂ ಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಸೇರಿತ್ತು.

ಇಂಥ ಮಾರ್ಗದಲ್ಲಿ ಹಾರುವ ಪೈಲಟ್ ಬೆಳಿಗ್ಗೆ ಮನೆಯಿಂದ ಹೊರಟು, ನಾಲ್ಕು ಹಾರಾಟಗಳನ್ನು ಮುಗಿಸಿ, ಅನೇಕ ದಿನ ಸಂಜೆಗೆ ಮನೆ ಸೇರಬಲ್ಲ. ಇದರ ಇನ್ನೊಂದು ತುದಿಯಲ್ಲಿರುವುದು 2021ರ ಜನವರಿಯಲ್ಲಿ ಆರಂಭವಾದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಹಾರಾಟ. ಜನವರಿ 9ರಂದು ಅಲ್ಲಿಂದ ಹೊರಟು 11ರಂದು ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾದ ಆ ಬೋಯಿಂಗ್ 777 ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು. ಸುಮಾರು 17 ಗಂಟೆಗಳ ಆ ಹಾರಾಟದ ಸಾಹಸವನ್ನು ನಾಡೆಲ್ಲ ಹೆಮ್ಮೆಯಿಂದ ಸ್ಮರಿಸಿತು. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ ಅಂಥ ಹಾರಾಟವನ್ನು ಒಮ್ಮೆ ನಡೆಸುವುದು ಸಾಧನೆ. ಇಪ್ಪತ್ತು ವರ್ಷ ನಡೆಸುವುದು ಜೀವನ. ಈ ಎರಡನ್ನೂ ಪ್ರತ್ಯೇಕವಾಗಿ ತೂಗಿ ನೋಡಬೇಕು.

ದೂರದ ಬೆಟ್ಟ

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ದೀರ್ಘ ಹಾರಾಟದ ವೃತ್ತಿಗೆ ಚೆನ್ನಾಗಿ ಒಪ್ಪುತ್ತದೆ. ದೊಡ್ಡ ವಿಮಾನ, ವಿದೇಶದ ಹೋಟೆಲು, ಭತ್ಯೆ, ಇವು ಹೊರಗೆ ಕಾಣುತ್ತವೆ. ಕಾಣದಿರುವುದು ಮೂರು.

ಮೊದಲನೆಯದು, ದೇಹದ ಗಡಿಯಾರ. ಮನುಷ್ಯನ ದೇಹವು ನಿದ್ರೆ, ಹಸಿವು, ಎಚ್ಚರಗಳನ್ನು ಸೂರ್ಯನ ಬೆಳಕಿಗೆ ಹೊಂದಿಸಿಕೊಂಡಿರುತ್ತದೆ. ಬೇರೆ ದೇಶದ ವೇಳೆಗೆ ಅದು ದಿನವೊಂದಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳಬಲ್ಲದು. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ವ್ಯತ್ಯಾಸ. ಎರಡು ರಾತ್ರಿ ಅಲ್ಲಿ ತಂಗಿದ ಪೈಲಟ್‌ನ ದೇಹ ಅಲ್ಲಿಗೂ ಸಲ್ಲುವುದಿಲ್ಲ, ಇಲ್ಲಿಗೂ ಸಲ್ಲುವುದಿಲ್ಲ. ಮರಳಿ ಬಂದ ಮೇಲೆ ಮತ್ತೆ ಮೊದಲಿನಿಂದ ಹೊಂದಾಣಿಕೆ ಆರಂಭವಾಗುತ್ತದೆ.

ಎರಡನೆಯದು, ಕೈಪಳಗುವಿಕೆ. ದೀರ್ಘ ಹಾರಾಟದಲ್ಲಿ ನಾಲ್ವರು ಪೈಲಟ್‌ಗಳು ಪಾಳಿಯ ಮೇಲೆ ಕೆಲಸ ಮಾಡಿ, ವಿಮಾನದೊಳಗಿನ ಸಣ್ಣ ಮಲಗುಕೋಣೆಯಲ್ಲಿ ಸರದಿಯಂತೆ ವಿಶ್ರಮಿಸುತ್ತಾರೆ. ಆದರೆ ವಿಮಾನವನ್ನು ನೆಲಕ್ಕಿಳಿಸುವವರು ಅವರಲ್ಲಿ ಒಬ್ಬರೇ. ಹೀಗಾಗಿ ತಿಂಗಳಲ್ಲಿ ಒಂದೆರಡು ಬಾರಿ ಮಾತ್ರ ಇಳಿಸುವ ಅವಕಾಶ ದೊರೆಯುವುದುಂಟು. ತೊಂಬತ್ತು ದಿನಗಳಲ್ಲಿ ಮೂರು ಬಾರಿ ಏರಿಸಿ ಇಳಿಸಿರಬೇಕೆಂಬ ಸಾಮಾನ್ಯ ನಿಯಮವನ್ನು ಪೂರೈಸಲು ಕೆಲವೊಮ್ಮೆ ಸಿಮ್ಯುಲೇಟರ್‌ಗೆ ಮೊರೆಹೋಗಬೇಕಾಗುತ್ತದೆ. ಹುಬ್ಬಳ್ಳಿ ಮಾರ್ಗದ ಪೈಲಟ್ ಜೋಡಿಯೊಂದು ಒಂದೇ ದಿನದಲ್ಲಿ ನಾಲ್ಕು ಬಾರಿ ವಿಮಾನವನ್ನು ಇಳಿಸುತ್ತದೆ. ತನ್ನ ಕೈಯ ಕೆಲಸವನ್ನು ಪ್ರೀತಿಸುವ ಕುಶಲಿಗೆ ಇದು ಸಣ್ಣ ವಿಚಾರವಲ್ಲ.

ಮೂರನೆಯದು, ಭದ್ರತೆಯ ಭ್ರಮೆ. ದೊಡ್ಡ ವಿಮಾನವಿದ್ದಲ್ಲಿ ದೊಡ್ಡ ಭದ್ರತೆ ಇದೆಯೆಂದು ನಂಬುವುದುಂಟು. ಆದರೆ 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ 2012ರಲ್ಲಿ ನಿಂತುಹೋಯಿತು. ವಿದೇಶಿ ಮಾರ್ಗಗಳಲ್ಲಿ ಹೆಸರು ಮಾಡಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. 2020ರ ಕೋವಿಡ್ ಕಾಲದಲ್ಲಿ ಜಗತ್ತಿನ ಖಂಡಾಂತರ ಹಾರಾಟಗಳೇ ಬಹುತೇಕ ಸ್ಥಗಿತಗೊಂಡವು. ಒಂದು ಸಂಸ್ಥೆ ಮುಳುಗಿದರೆ ಅಲ್ಲಿ ಗಳಿಸಿದ ಜ್ಯೇಷ್ಠತೆಯೂ ಅದರೊಂದಿಗೇ ಮುಳುಗುತ್ತದೆ. ಬೇರೆ ಸಂಸ್ಥೆಯಲ್ಲಿ ಪಟ್ಟಿಯ ಕೆಳತುದಿಯಿಂದ ಆರಂಭಿಸಬೇಕಾಗುತ್ತದೆ.

ದಣಿವಿಗೆ ತೆತ್ತ ಬೆಲೆ

ದಣಿವು ವೈಯಕ್ತಿಕ ದೂರು ಮಾತ್ರವಲ್ಲ ಎಂಬುದಕ್ಕೆ ಕರ್ನಾಟಕದಲ್ಲಿಯೇ ಘೋರ ನಿದರ್ಶನವಿದೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಜನ ಅಸುನೀಗಿದರು. ಹಾರಾಟದ ಬಹುಭಾಗ ಕ್ಯಾಪ್ಟನ್ ನಿದ್ರೆಯಲ್ಲಿದ್ದುದು ಧ್ವನಿಮುದ್ರಣದಿಂದ ತಿಳಿದುಬಂದಿತು. ಸರಿಯಾಗಿ ಹೊಂದಿಕೊಳ್ಳದ ಇಳಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರದಿದ್ದುದೇ ನೇರ ಕಾರಣವೆಂದು ಹೇಳಿದ ತನಿಖಾ ನ್ಯಾಯಾಲಯವು, ದೀರ್ಘ ನಿದ್ರೆಯಿಂದ ಎದ್ದ ಕೂಡಲೇ ಆವರಿಸುವ ಮಂಪರನ್ನು ಪೂರಕ ಕಾರಣಗಳಲ್ಲಿ ಸೇರಿಸಿತು. ಆ ಮಾರ್ಗ ಕೆಲವೇ ಗಂಟೆಗಳದ್ದು. ಆದರೆ ಅದು ರಾತ್ರಿಯ ಹಾರಾಟವಾಗಿತ್ತು. ಮುಂಜಾನೆ 2ರಿಂದ 6ರವರೆಗಿನ ಅವಧಿಯಲ್ಲಿ ಮನುಷ್ಯನ ಎಚ್ಚರ ಅತ್ಯಂತ ಕೆಳಮಟ್ಟಕ್ಕಿಳಿಯುತ್ತದೆ ಎಂಬುದು ವಿಮಾನಯಾನದಲ್ಲಿ ಒಪ್ಪಿತವಾದ ಮಾತು. ಈ ಹೊತ್ತಿನಲ್ಲಿ ಹುಬ್ಬಳ್ಳಿಯಿಂದ ಸರಕು ಹೇರಿಕೊಂಡು ಹೆದ್ದಾರಿಯಲ್ಲಿ ಸಾಗುವ ಲಾರಿ ಚಾಲಕನಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಇದರಿಂದ ಇನ್ನೊಂದು ಅಂಶವೂ ಸ್ಪಷ್ಟವಾಗುತ್ತದೆ. ಮಾರ್ಗ ಹತ್ತಿರದ್ದಾದ ಮಾತ್ರಕ್ಕೆ ಬದುಕು ಹಗುರವಾಗುವುದಿಲ್ಲ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ನಗರದ ಬಳಿ ಪತನಗೊಂಡು 50 ಜನರ ಸಾವಿಗೆ ಕಾರಣವಾದ ಕೋಲ್ಗನ್ ಏರ್ ವಿಮಾನ ಹತ್ತಿರದ ಮಾರ್ಗದ್ದೇ. ಅದರ ಸಹಪೈಲಟ್ ಕೆಲಸಕ್ಕೆ ಹಾಜರಾಗಲೆಂದೇ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ರಾತ್ರಿಯೆಲ್ಲ ಪ್ರಯಾಣಿಸಿ ಬಂದಿದ್ದರು. ಅಂದಮೇಲೆ ಪೈಲಟ್ ಹುಡುಕಬೇಕಾದದ್ದು ಸಣ್ಣ ಮಾರ್ಗವನ್ನಲ್ಲ. ಮನೆಗೆ ಸಮೀಪದ ನೆಲೆಯನ್ನು, ರಾತ್ರಿಯ ನಿದ್ರೆಯನ್ನು, ಮೊದಲೇ ತಿಳಿದ ವೇಳಾಪಟ್ಟಿಯನ್ನು.

ಲೆಕ್ಕವನ್ನು ಬಿಡಿಸಿದಾಗ

ಈಗ ಒಂದು ಉದಾಹರಣೆಯ ಲೆಕ್ಕವನ್ನು ನೋಡೋಣ. ಇಲ್ಲಿಯ ಅಂಕಿಗಳು ವಿವರಣೆಗಾಗಿ ಮಾತ್ರ. ಇಬ್ಬರು ಪೈಲಟ್‌ಗಳೂ ತಿಂಗಳಿಗೆ ಸುಮಾರು 70 ಗಂಟೆ ಹಾರುತ್ತಾರೆಂದು ಭಾವಿಸೋಣ.

ಮೊದಲನೆಯವನು ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಹಾರುವವನು. ಸೋಮವಾರ ಮಧ್ಯಾಹ್ನ ಮನೆ ಬಿಡುತ್ತಾನೆ. ಅಲ್ಲಿ ಎರಡು ರಾತ್ರಿ ತಂಗಿ, ಶುಕ್ರವಾರ ಬೆಳಕು ಹರಿಯುವ ಮುನ್ನ ಬೆಂಗಳೂರಿಗೆ ಮರಳುತ್ತಾನೆ. ಹೋಗಿಬರುವ ಹಾರಾಟ ಸುಮಾರು 34 ಗಂಟೆ. ಆದರೆ ಮನೆಯಿಂದ ದೂರವಿದ್ದ ಸಮಯ ಸುಮಾರು 90 ಗಂಟೆ. ಇಂಥ ಎರಡು ಸುತ್ತುಗಳಲ್ಲಿ ಅವನ ತಿಂಗಳ ಹಾರಾಟ ಮುಗಿಯುತ್ತದೆ. ಕ್ಯಾಲೆಂಡರಿನಲ್ಲಿ ಹತ್ತು ದಿನ ಹೊರಗೆ. ಉಳಿದದ್ದು ಇಪ್ಪತ್ತು ದಿನ. ಕೇಳಿದವರಿಗೆ ಅಸೂಯೆಯಾಗುವಷ್ಟು ಬಿಡುವು.

ಎರಡನೆಯವನು ಬೆಂಗಳೂರು–ಹುಬ್ಬಳ್ಳಿಯಂಥ ಮಾರ್ಗದವನು. ದಿನಕ್ಕೆ ನಾಲ್ಕು ಹಾರಾಟ, ಸುಮಾರು ನಾಲ್ಕೂವರೆ ಗಂಟೆ ಆಕಾಶದಲ್ಲಿ. ಅದೇ 70 ಗಂಟೆಗಳಿಗೆ ಅವನು ಹದಿನೈದು ದಿನ ಕೆಲಸಕ್ಕೆ ಹೋಗಬೇಕು. ಉಳಿದದ್ದು ಹದಿನೈದು ದಿನ.

ಇಷ್ಟನ್ನೇ ನೋಡಿದರೆ ಮೊದಲನೆಯವನೇ ಲಾಭದಲ್ಲಿದ್ದಾನೆ. ಆದರೆ ಪ್ರತಿ ಸುತ್ತಿನ ನಂತರ ದೇಹ ತಹಬಂದಿಗೆ ಬರಲು ಮೂರು ದಿನ ಬೇಕೆಂದುಕೊಂಡರೆ ಎರಡು ಸುತ್ತಿಗೆ ಆರು ದಿನ ಕಳೆಯಬೇಕು. ಉಳಿದದ್ದು ಹದಿನಾಲ್ಕು. ಆ ಆರು ದಿನಗಳಲ್ಲಿ ಅವನು ಮನೆಯಲ್ಲಿರುತ್ತಾನೆ, ನಿಜ. ಮಗ ಶಾಲೆಯಿಂದ ಬರುವ ಹೊತ್ತಿಗೆ ಮಲಗಿರುತ್ತಾನೆ. ಮನೆಯವರೆಲ್ಲ ಮಲಗಿದ ಮೇಲೆ ಎದ್ದು ಕುಳಿತಿರುತ್ತಾನೆ. ಎರಡನೆಯವನಿಗಾದರೋ ಹದಿನೈದು ಬಿಡುವಿನ ದಿನಗಳ ಜೊತೆಗೆ ಕೆಲಸದ ದಿನಗಳ ಅನೇಕ ರಾತ್ರಿಗಳೂ ಮನೆಯ ಲೆಕ್ಕಕ್ಕೆ ಜಮೆಯಾಗುತ್ತವೆ.

ಇದೇ ಈ ಅಧ್ಯಯನದ ಮುಖ್ಯಾಂಶ. ಬಿಡುವಿನ ದಿನ ಬೇರೆ, ಚೇತರಿಕೆಯ ದಿನ ಬೇರೆ. ಚೇತರಿಕೆಗೆ ಬೇಕಾದ ದಿನ ಹಿಂದಿನ ಕೆಲಸದ ಬಾಕಿ. ಅದನ್ನು ರಜೆಯ ಖಾತೆಯಲ್ಲಿ ಬರೆಯುವುದು ಲೆಕ್ಕಶಾಸ್ತ್ರದ ತಪ್ಪು. ವ್ಯಾಪಾರಿಯೊಬ್ಬ ಸಾಲವಾಗಿ ತಂದ ಹಣವನ್ನು ಲಾಭವೆಂದು ಬರೆದುಕೊಂಡಂತೆ ಅದು. ದೀರ್ಘ ಹಾರಾಟವನ್ನು ಬಿಡುವ ಪೈಲಟ್ ಈ ತಪ್ಪನ್ನು ಕಂಡುಕೊಂಡವನು. ಅವನು ಸಂಬಳವನ್ನು ತಿಂಗಳಿನಿಂದ ಭಾಗಿಸುವುದಿಲ್ಲ. ಕೆಲಸವು ತನ್ನ ಬದುಕಿನಿಂದ ತೆಗೆದುಕೊಂಡ ಒಟ್ಟು ಗಂಟೆಗಳಿಂದ ಭಾಗಿಸುತ್ತಾನೆ. ಹಾಗೆ ಭಾಗಿಸಿದಾಗ ನೂರು ರೂಪಾಯಿಯ ಕೆಲಸಕ್ಕಿಂತ ಎಪ್ಪತ್ತೈದು ರೂಪಾಯಿಯ ಕೆಲಸ ಮೇಲೆಂದು ತೋರುವುದು ಅಸಹಜವಲ್ಲ.

ಬಿಡುವವರ ಮುಂದಿನ ದಾರಿಗಳು

ಹಾಗೆ ಹೊರಬರುವವರಿಗೆ ಕೆಲವು ದಾರಿಗಳಿವೆ. ಪ್ರತಿಯೊಂದಕ್ಕೂ ತನ್ನದೇ ಆದ ಜಮೆ-ಖರ್ಚು ಇದೆ.

ಪ್ರಾದೇಶಿಕ ವಿಮಾನಯಾನದಲ್ಲಿ ಮನೆಗೆ ಸಮೀಪವಿರಬಹುದು; ಆದರೆ ಬೆಳಗಿನ ಜಾವದ ಪಾಳಿಗಳು ಹೆಚ್ಚು, ಮಳೆಗಾಲದ ಇಳಿಕೆಗಳು ಹೆಚ್ಚು, ಸಂಸ್ಥೆಗಳ ಬಂಡವಾಳ ಕಡಿಮೆ. ಖಾಸಗಿ ಜೆಟ್‌ಗಳಲ್ಲಿ ವರ್ಷದ ಹಾರಾಟ ಕಡಿಮೆ ಇರಬಹುದು. ಆದರೆ ಮಾಲೀಕರು ಕರೆದಾಗ ಹೊರಡಬೇಕು, ಚುನಾವಣೆಯ ಕಾಲದಲ್ಲಿ ಊಟ-ನಿದ್ರೆಯ ಪರಿವೆಯಿರದು. ಸಿಮ್ಯುಲೇಟರ್ ತರಬೇತುದಾರನಿಗೆ ಗಡಿಯಾರ ನೋಡಿ ಮನೆಗೆ ಹೋಗುವ ಸುಖವಿದೆ, ಆಕಾಶ ದೂರವಾಗುತ್ತದೆ. ಹಾರಾಟ ಶಾಲೆಯ ಶಿಕ್ಷಕನಿಗೆ ಸಂಬಳ ಕಡಿಮೆ; ಹಗಲಿನ ಕೆಲಸ, ನೆಲೆಯಾದ ಊರು, ಕಲಿಸುವ ತೃಪ್ತಿ ದೊರೆಯುತ್ತವೆ.

ಕೊನೆಯ ದಾರಿ ನಮ್ಮ ಭಾಗಕ್ಕೆ ಹೊಸದಾಗಿ ತೆರೆದುಕೊಂಡಿದೆ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ತರಬೇತಿ ಸಂಸ್ಥೆಗಳಿಗಾಗಿ 2021ರಲ್ಲಿ ಬೆಳಗಾವಿ, ಕಲಬುರಗಿ ಸೇರಿದಂತೆ ಐದು ನಿಲ್ದಾಣಗಳನ್ನೂ, ಎರಡನೆಯ ಸುತ್ತಿನಲ್ಲಿ 2022ರಲ್ಲಿ ಹುಬ್ಬಳ್ಳಿ ಸೇರಿದಂತೆ ಮತ್ತೆ ಐದು ನಿಲ್ದಾಣಗಳನ್ನೂ ಆಯ್ಕೆ ಮಾಡಿತು. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದನ್ನು ಕಲಿಸುವ ಶಿಕ್ಷಕರು ಬೇಕು. ಅನುಭವಿಗಳು ಹತ್ತಿರದ ಊರುಗಳಿಗೆ ಮರಳುವುದಕ್ಕೆ ಇಂಥ ಸಂಸ್ಥೆಗಳು ಕಾರಣವಾಗಬಲ್ಲವು.

ಬಿಡುವ ಮುನ್ನ

ಈ ನಿರ್ಧಾರವನ್ನು ಆವೇಶದಿಂದ ಮಾಡುವಂತಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2017ರಲ್ಲಿ ಹೊರಡಿಸಿದ ನಿಯಮದಂತೆ ಕೆಲಸ ಬಿಡಲು ಕಮಾಂಡರ್ ಒಂದು ವರ್ಷ, ಸಹಪೈಲಟ್ ಆರು ತಿಂಗಳು ಮುಂಚಿತವಾಗಿ ಸೂಚನೆ ನೀಡಬೇಕು. 2023ರಲ್ಲಿ 40ಕ್ಕೂ ಹೆಚ್ಚು ಪೈಲಟ್‌ಗಳು ಸೂಚನಾ ಅವಧಿಯನ್ನು ಪೂರೈಸದೆ ಹೊರನಡೆದಾಗ ಆಕಾಸ ಏರ್ ಸಂಸ್ಥೆಯ ಅನೇಕ ಹಾರಾಟಗಳು ರದ್ದಾಗಿ, ವಿವಾದ ಮುಂಬೈ ಹೈಕೋರ್ಟಿನ ಮೆಟ್ಟಿಲೇರಿತು.

ವಿವೇಕಿಯಾದ ಪೈಲಟ್ ಆ ಒಂದು ವರ್ಷವನ್ನು ಸಿದ್ಧತೆಗೆ ಬಳಸುತ್ತಾನೆ. ಹೊಸ ಮಾದರಿಯ ವಿಮಾನಕ್ಕೆ ಪ್ರತ್ಯೇಕ ತರಬೇತಿ ಪಡೆಯಬೇಕು. ಅದರ ವೆಚ್ಚ ಯಾರದು, ಒಪ್ಪಂದದ ಕಟ್ಟುಪಾಡೇನು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಹೊಸ ಸಂಸ್ಥೆಯಲ್ಲಿ ಕಮಾಂಡರ್ ಸ್ಥಾನ ಉಳಿಯುವುದೇ, ಸಹಪೈಲಟ್ ಆಗಿ ಆರಂಭಿಸಬೇಕೇ ಎಂದು ಕೇಳಬೇಕು. ಗೃಹಸಾಲ, ಮಕ್ಕಳ ಶಿಕ್ಷಣ ಇವನ್ನು ಹೊಸ ಸಂಬಳದಲ್ಲಿ ತೂಗಿಸಬಹುದೇ ಎಂಬುದನ್ನು, ಬಿಡುವ ಮೊದಲೇ ಆರು ತಿಂಗಳು ಆ ಸಂಬಳದಲ್ಲಿಯೇ ಬದುಕಿ ಪರೀಕ್ಷಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಅಭ್ಯಾಸ ಮೊದಲೇ ಆಗಿರಬೇಕು. ನಮ್ಮ ದೇಶದಲ್ಲಿ 65 ವರ್ಷ ವಯಸ್ಸಿನವರೆಗೆ ವಾಣಿಜ್ಯ ಹಾರಾಟಕ್ಕೆ ಅವಕಾಶವಿದೆ, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ. ಅರವತ್ತರ ನಂತರ ಆ ಪರೀಕ್ಷೆ ಆರು ತಿಂಗಳಿಗೊಮ್ಮೆ ಬರುತ್ತದೆ. ನಲವತ್ತೈದರಲ್ಲಿ ದೇಹವನ್ನು ಸವೆಸಿಕೊಂಡವನಿಗೆ ಮುಂದಿನ ಇಪ್ಪತ್ತು ವರ್ಷಗಳ ಗಳಿಕೆಯೇ ಕೈತಪ್ಪಬಹುದು. ಈ ದೃಷ್ಟಿಯಿಂದ ಆರೋಗ್ಯವೇ ಅವನ ಮೂಲ ಬಂಡವಾಳ. ಹೆಚ್ಚಿನ ಸಂಬಳಕ್ಕಾಗಿ ಅದನ್ನು ಕರಗಿಸುವುದು ಮೂಲಧನವನ್ನು ತಿಂದಂತೆ.

2025ರ ಡಿಸೆಂಬರ್

ವಿಶ್ರಾಂತಿಯನ್ನು ಲೆಕ್ಕಕ್ಕೆ ಹಿಡಿಯದ ಸಂಸ್ಥೆಗೆ ಏನಾಗುತ್ತದೆ ಎಂಬುದನ್ನು ದೇಶ ಇತ್ತೀಚೆಗೆ ಕಂಡಿದೆ. ಡಿಜಿಸಿಎ 2024ರ ಜನವರಿಯಲ್ಲಿ ಪೈಲಟ್‌ಗಳ ಕೆಲಸದ ಅವಧಿಯ ನಿಯಮಗಳನ್ನು ಪರಿಷ್ಕರಿಸಿತು. ವಾರದ ಸತತ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಲಾಯಿತು. ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ರಾತ್ರಿಯೆಂದು ಪರಿಗಣಿಸಿ, ರಾತ್ರಿಯ ಇಳಿಕೆಗಳನ್ನು ಆರರಿಂದ ಎರಡಕ್ಕೆ ಇಳಿಸಲಾಯಿತು. ಈ ನಿಯಮಗಳು 2025ರ ಜುಲೈ 1 ಹಾಗೂ ನವೆಂಬರ್ 1ರಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಸುಮಾರು ಎರಡು ವರ್ಷಗಳ ಕಾಲಾವಕಾಶವಿದ್ದರೂ, ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆಯಾದ ಇಂಡಿಗೋದಲ್ಲಿ ವೇಳಾಪಟ್ಟಿಗೆ ಸಾಲುವಷ್ಟು ಪೈಲಟ್‌ಗಳಿಲ್ಲದೆ ಹೋಯಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಸರಕಾರ ತಾತ್ಕಾಲಿಕ ವಿನಾಯಿತಿ ನೀಡಬೇಕಾಯಿತು. ಹುಬ್ಬಳ್ಳಿಗೂ ಇದರ ಬಿಸಿ ತಟ್ಟಿತು. ಇಲ್ಲಿಯ ಆರತಕ್ಷತೆಯೊಂದಕ್ಕೆ ವಧೂವರರೇ ಬರಲಾಗದೆ ವಿಡಿಯೊ ಮೂಲಕ ಬಂಧುಗಳಿಗೆ ವಂದಿಸಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂದಿತು.

ಒಬ್ಬ ಕೆಲಸಗಾರನೂ ಹೆಚ್ಚಿಲ್ಲದಂತೆ ಬಿಗಿಯಾಗಿ ಕಟ್ಟಿದ ವ್ಯವಸ್ಥೆ ಎಲ್ಲವೂ ಸರಿಯಾಗಿರುವ ದಿನಗಳಲ್ಲಿ ಲಾಭ ತೋರಿಸುತ್ತದೆ. ಉಳಿಸಿದ ವಿಶ್ರಾಂತಿ ಒಂದು ದಿನ ಬಡ್ಡಿಸಹಿತ ವಸೂಲಿಗೆ ಬರುತ್ತದೆ.

ನಮ್ಮ ಉದ್ದಿಮೆಗಳಿಗೆ ಅನ್ವಯ

ಹುಬ್ಬಳ್ಳಿ-ಧಾರವಾಡದ ಸಣ್ಣ ಉದ್ದಿಮೆದಾರರು ಬೆಂಗಳೂರು, ಪುಣೆಗಳ ಸಂಬಳಕ್ಕೆ ಸರಿಗಟ್ಟಲು ಸಾಧ್ಯವಾಗದಿರುವುದು ವಾಸ್ತವ. ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ ಕೈಪಳಗಿದ ಯುವಕರು ಎರಡು ವರ್ಷಕ್ಕೆ ಊರು ಬಿಡುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಪೈಲಟ್‌ಗಳ ಉದಾಹರಣೆ ತೋರಿಸುವಂತೆ ನುರಿತವನು ಸಂಬಳವೊಂದನ್ನೇ ತೂಗುವುದಿಲ್ಲ. ನಮ್ಮ ಕೈಯಲ್ಲಿ ಕೊಡಲು ಬೇರೇನಿದೆ ಎಂಬುದನ್ನು ಯೋಚಿಸಬೇಕು. ಈ ನಿಟ್ಟಿನಲ್ಲಿ ಐದು ಅಂಶಗಳನ್ನು ಗಮನಕ್ಕೆ ತರಲಾಗಿದೆ.

1. ವೇಳಾಪಟ್ಟಿಯನ್ನು ಮುಂಚಿತವಾಗಿ ತಿಳಿಸುವುದು. ಮುಂದಿನ ವಾರದ ಪಾಳಿಯನ್ನು ಈ ವಾರದ ಗುರುವಾರವೇ ಫಲಕದಲ್ಲಿ ಬರೆದರೆ ಮಾಲೀಕನಿಗೆ ಖರ್ಚಿಲ್ಲ. ಕೆಲಸಗಾರನಿಗೆ ಅದು ಊರಿನ ಜಾತ್ರೆ, ಮಗಳ ಶಾಲೆ, ತಾಯಿಯ ಆಸ್ಪತ್ರೆ ಇವನ್ನೆಲ್ಲ ಹೊಂದಿಸಿಕೊಳ್ಳುವ ಅವಕಾಶ. ಮುಂಚಿತವಾಗಿ ತಿಳಿದ ಒಂದು ಗಂಟೆಯ ಬಿಡುವು, ಆಕಸ್ಮಿಕವಾಗಿ ಸಿಕ್ಕ ಎರಡು ಗಂಟೆಗಿಂತ ಹೆಚ್ಚು ಬೆಲೆಯುಳ್ಳದ್ದು.

2. ಚೇತರಿಕೆಯನ್ನು ರಜೆಯೆಂದು ಕರೆಯದಿರುವುದು. ಶನಿವಾರ ಹಗಲು ಮತ್ತು ರಾತ್ರಿ ಎರಡೂ ಪಾಳಿ ಮಾಡಿದವನು ರವಿವಾರವೆಲ್ಲ ಮಲಗಿರುತ್ತಾನೆ. ಹಾಜರಿ ಪುಸ್ತಕದಲ್ಲಿ ಅದು ವಾರದ ರಜೆ. ಅವನ ಮನೆಯವರ ಲೆಕ್ಕದಲ್ಲಿ ಕಳೆದುಹೋದ ದಿನ. 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಈ ಮಿತಿ ಉಳಿದಿದೆ. ಕಾಯಿದೆಯ ಭಯಕ್ಕಿಂತಲೂ ನಮ್ಮ ಹಿತಕ್ಕಾಗಿಯೇ ಇದನ್ನು ಪಾಲಿಸುವುದು ಲೇಸು.

3. ಬಿಟ್ಟುಹೋಗುವುದರ ವೆಚ್ಚವನ್ನು ಬರೆದಿಡುವುದು. ಒಂದು ಯಂತ್ರ ತಿಂಗಳಿಗೆ 60,000 ರೂಪಾಯಿ ಗಳಿಸಿಕೊಡುತ್ತದೆ ಎಂದಿಟ್ಟುಕೊಳ್ಳಿ. ಅದರ ನುರಿತ ಆಪರೇಟರ್ ಹೋದಾಗ ಹದಿನೈದು ದಿನ ಯಂತ್ರ ನಿಂತರೆ ನಷ್ಟ 30,000. ಹೊಸಬ ಮೂರು ತಿಂಗಳು ಮೂರನೆಯ ಎರಡರಷ್ಟು ಮಾತ್ರ ಉತ್ಪಾದಿಸಿದರೆ ನಷ್ಟ 60,000. ಕೆಟ್ಟ ಮಾಲು 10,000. ಒಟ್ಟು ಒಂದು ಲಕ್ಷ. ಇದಕ್ಕೆ ಬದಲಾಗಿ ವಾರದ ರಜೆಯನ್ನು ಖಚಿತಪಡಿಸಲು ನೆರೆಯ ಘಟಕದೊಂದಿಗೆ ಹಂಚಿಕೊಂಡ ಬದಲಿ ಆಪರೇಟರ್‌ನಿಗೆ ತಿಂಗಳಿಗೆ 5,000 ಕೊಟ್ಟರೆ ವರ್ಷಕ್ಕೆ 60,000. ಪ್ರತಿಯೊಬ್ಬರೂ ತಮ್ಮ ಘಟಕದ ನಿಜವಾದ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

4. ಊರಿಗೆ ಮರಳುವವರನ್ನು ಗುರುತಿಸುವುದು. ಹೊರಗೆ ಹತ್ತು ವರ್ಷ ದುಡಿದು, ತಂದೆತಾಯಿಗಳ ಸಲುವಾಗಿಯೋ ಮಕ್ಕಳ ಸಲುವಾಗಿಯೋ ಮರಳಲು ಬಯಸುವ ನುರಿತವರು ನಮ್ಮ ಜಿಲ್ಲೆಗಳಲ್ಲಿದ್ದಾರೆ. ಅವರು ಕಡಿಮೆ ಸಂಬಳಕ್ಕೆ ಒಪ್ಪಬಹುದು. ಆದರೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವ ಭರವಸೆ ಈಡೇರದಿದ್ದರೆ ಉಳಿಯಲಾರರು. ಬೆಂಗಳೂರಿನ ದುಡಿಮೆಯನ್ನೂ ಹುಬ್ಬಳ್ಳಿಯ ಸಂಬಳವನ್ನೂ ಒಟ್ಟಿಗೆ ಕೊಡುವ ಉದ್ದಿಮೆಗೆ ಯಾರೂ ಬರಲಾರರು.

5. ಮಾಲೀಕನ ಸ್ವಂತ ಲೆಕ್ಕ. ಬೆಳಿಗ್ಗೆ ಬೀಗ ತೆಗೆಯುವುದರಿಂದ ರಾತ್ರಿ ಬೀಗ ಹಾಕುವವರೆಗೆ ತಾನೇ ಇರಬೇಕೆನ್ನುವ ಉದ್ದಿಮೆದಾರ, ಬದಲಿ ಪೈಲಟ್ ಇಲ್ಲದ ವಿಮಾನದಂತೆ. ವಿಮಾನದಲ್ಲಿ ಇಬ್ಬರನ್ನು ಕೂರಿಸುವುದು ಒಬ್ಬನಿಗೆ ಸಾಮರ್ಥ್ಯವಿಲ್ಲವೆಂದಲ್ಲ. ಮನುಷ್ಯನ ಎಚ್ಚರಕ್ಕೆ ಮಿತಿಯಿದೆಯೆಂದು. ತಾನಿಲ್ಲದೆ ಎರಡು ದಿನ ಘಟಕ ನಡೆಯಬಲ್ಲದೇ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವುದು ಒಳಿತು.

ಉಪಸಂಹಾರ

ದೀರ್ಘ ಹಾರಾಟವನ್ನು ಬಿಡುವ ಪೈಲಟ್ ಸೋಮಾರಿಯಲ್ಲ, ಮಹತ್ವಾಕಾಂಕ್ಷೆ ಕಳೆದುಕೊಂಡವನೂ ಅಲ್ಲ. ಸಂಬಳದ ಚೀಟಿಯಲ್ಲಿ ಅಚ್ಚಾಗದ ಬಾಬುಗಳನ್ನು, ಅಂದರೆ ನಿದ್ರೆ, ಆರೋಗ್ಯ, ಮನೆಯ ಊಟ ಮತ್ತು ನಾಳೆ ಎಲ್ಲಿರುತ್ತೇನೆ ಎಂಬ ಅರಿವನ್ನು, ತನ್ನ ಪುಸ್ತಕದಲ್ಲಿ ಬರೆದುಕೊಂಡವನು. ಹಾಗೆಂದು ಎಲ್ಲರೂ ದೂರದ ಹಾರಾಟವನ್ನು ಬಿಡಬೇಕೆಂದೇನೂ ಇಲ್ಲ. ಅದನ್ನು ಮೆಚ್ಚಿ, ಅದಕ್ಕೆ ಹೊಂದಿಕೊಂಡು ನಿವೃತ್ತಿಯವರೆಗೆ ಹಾರುವವರೂ ಇದ್ದಾರೆ. ಇಬ್ಬರಿಗೂ ಬೇಕಾದದ್ದು ಪೂರ್ಣವಾದ ಲೆಕ್ಕ.

ನಮ್ಮ ಘಟಕಗಳ ಕೆಲಸಗಾರರೂ ಇದೇ ಲೆಕ್ಕವನ್ನು ಹಾಕುತ್ತಿದ್ದಾರೆ. ಕಾಗದದ ಮೇಲಲ್ಲ, ಮನಸ್ಸಿನಲ್ಲಿ. ಅವರು ರಾಜೀನಾಮೆ ಕೊಡುವ ದಿನ ಆ ಲೆಕ್ಕದ ಮೊತ್ತ ಮಾತ್ರ ನಮಗೆ ತಿಳಿಯುತ್ತದೆ. ಅದಕ್ಕೂ ಮೊದಲೇ ಅದರ ಬಾಬುಗಳನ್ನು ಕೇಳಿ ತಿಳಿದುಕೊಳ್ಳುವುದು ಮಾಲೀಕರ ಕರ್ತವ್ಯವೂ ಹೌದು, ಲಾಭವೂ ಹೌದು.